ಒನಿಗಿರಿಯನ್ನು ಇಡ್ಲಿ ಮಾಡಿದ ಮೇಲೆ

ಬೇಸಿಗೆ ರಜೆಯಲ್ಲಿ ಸಾಗರದ ಅಕ್ಕನ ಮನೆಗೆ ಹೋಗಿದ್ದೆ. ನಾನೇ ಕನ್ನಡ ಸಂಭಾಷಣೆ ಬರೆದಿದ್ದ ಜಪಾನಿ ಕಾರ್ಟೂನ್ ಧಾರಾವಾಹಿ ಟಿವಿಯಲ್ಲಿ ಬರುತ್ತಿತ್ತು. ತೆರೆಯ ಮೇಲೆ ಹುಡುಗನೊಬ್ಬ ಊಟದ ಡಬ್ಬಿ ತೆರೆದು "ಆಹಾ, ಇಡ್ಲಿ!" ಎಂದ. ಅಕ್ಕನ ಆರು ವರ್ಷದ ಮಗಳು ನನ್ನ ಕಡೆ ತಿರುಗಿದಳು. "ಚಿಕ್ಕಮ್ಮ, ಅವರ ಇಡ್ಲಿಗೆ ಮೂರು ಮೂಲೆ ಏಕಿದೆ? ಅದಕ್ಕೆ ಕಪ್ಪು ಕಾಗದ ಏಕೆ ಅಂಟಿಸಿದ್ದಾರೆ?"

ಅದು ಇಡ್ಲಿಯಲ್ಲ, ಒನಿಗಿರಿ. ಅಂಗೈಗೆ ನೀರು, ಉಪ್ಪು ಸವರಿಕೊಂಡು ಬಿಸಿ ಅನ್ನವನ್ನು ಒತ್ತಿ ಮುಕ್ಕೋನ ಮಾಡುತ್ತಾರೆ. ಕಪ್ಪಗೆ ಕಾಣುವುದು ನೋರಿ, ಒಣಗಿಸಿದ ಕಡಲ ಪಾಚಿಯ ಹಾಳೆ. ಒಳಗೆ ಮೀನೋ, ಉಪ್ಪಿನಲ್ಲಿ ಹಾಕಿಟ್ಟ ಉಮೆ ಎಂಬ ಹುಳಿ ಹಣ್ಣೋ ಇರುತ್ತದೆ. ಮಲೆನಾಡಿನವರಿಗೆ ಮೊಸರನ್ನದ ಜೊತೆ ಮಿಡಿ ಉಪ್ಪಿನಕಾಯಿ ಹೇಗೋ ಅವರಿಗೆ ಅದು ಹಾಗೆ. ಇಷ್ಟನ್ನೂ ಆ ಮಗುವಿಗೆ ಹೇಳಿದೆ. ಅವಳು ಕಣ್ಣರಳಿಸಿ ಕೇಳಿ, "ಹಾಗಿದ್ದರೆ ಟಿವಿಯಲ್ಲಿ ಸುಳ್ಳು ಏಕೆ ಹೇಳಿದರು?" ಎಂದಳು. ಉತ್ತರ ಕೊಡಲು ನನಗೆ ಬಹಳ ಕಷ್ಟವಾಯಿತು. ಮಕ್ಕಳಿಗೆ ಹತ್ತಿರವಾಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಬರೆದಿದ್ದೆ. ಆದರೆ ಅವಳು ಚಿತ್ರವನ್ನು ನನಗಿಂತ ಸರಿಯಾಗಿ ನೋಡಿದ್ದಳು.

ಈ ತಪ್ಪು ಮಾಡಿದವಳು ನಾನೊಬ್ಬಳೇ ಅಲ್ಲ. 1990ರ ದಶಕದ ಕೊನೆಯಲ್ಲಿ ಪೋಕೆಮಾನ್ ಎಂಬ ಜಪಾನಿ ಕಾರ್ಟೂನ್ ಇಂಗ್ಲಿಷಿಗೆ ಹೋದಾಗ ಇದೇ ಒನಿಗಿರಿಯನ್ನು ಜೆಲ್ಲಿ ತುಂಬಿದ ಡೋನಟ್ ಎಂದು ಕರೆದಿದ್ದರು. 2014ರಲ್ಲಿ ಡೋರೇಮಾನ್ ಅಮೆರಿಕದ ಟಿವಿಗೆ ಹೋದಾಗ ನೊಬಿತಾ ಎಂಬ ಹುಡುಗ ನೋಬಿಯಾದ, ಯೆನ್ ನೋಟು ಡಾಲರ್ ಆಯಿತು, ಊಟದ ಕಡ್ಡಿಗಳ ಜಾಗಕ್ಕೆ ಫೋರ್ಕ್ ಬಂತು. ಅಲ್ಲಿ ಮಾತನ್ನಷ್ಟೇ ಬದಲಿಸದೆ ಚಿತ್ರವನ್ನೂ ತಿದ್ದಿದ್ದರು. ನಮ್ಮ ದೇಶದಲ್ಲಿ 2005ರಿಂದ ಹಿಂದಿಯಲ್ಲಿ ಅದೇ ಧಾರಾವಾಹಿ ಬರುತ್ತಿದೆ. ಇಲ್ಲಿ ನೊಬಿತಾ ನೊಬಿತಾ ಆಗಿಯೇ ಉಳಿದ, ತಾತಾಮಿ ಚಾಪೆಯ ಮೇಲೆಯೇ ಮಲಗಿದ. ಹುಬ್ಬಳ್ಳಿಯ ಮಗುವಿಗಾಗಲಿ ಮಂಡ್ಯದ ಮಗುವಿಗಾಗಲಿ ಅದರಿಂದ ಯಾವ ತೊಡಕೂ ಆಗಲಿಲ್ಲ. ಪರದೇಶದ ಮನೆಯೊಳಗೆ ಮಕ್ಕಳು ಸಲೀಸಾಗಿ ಕಾಲಿಡುತ್ತಾರೆ, ಹೆದರುವವರು ದೊಡ್ಡವರು.

ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಅಘೋಷಿತ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಹೊರಗಿನ ಸಂಸ್ಕೃತಿ ನುಗ್ಗಿಬರುತ್ತದೆ ಎಂಬ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಕ್ಕಳು ಆಗಲೇ ಜಪಾನನ್ನು ನೋಡುತ್ತಿದ್ದರು, ಬೇರೆ ಭಾಷೆಯಲ್ಲಿ. ಕನ್ನಡದಲ್ಲಿ ನೋಡಿದರೆ ಏನು ಸಿಗುತ್ತದೆ ಎಂಬುದು ನನಗೂ ಈ ಕೆಲಸಕ್ಕೆ ಇಳಿದ ಮೇಲೆಯೇ ಗೊತ್ತಾಯಿತು.

ನಮ್ಮ ಕೆಲಸ ನಡೆಯುವುದು ಹೀಗೆ. ಸ್ಟುಡಿಯೊದಿಂದ ವಿಡಿಯೊ ಬರುತ್ತದೆ, ಜೊತೆಗೊಂದು ಹಾಳೆ. ಒಂದು ಅಂಕಣದಲ್ಲಿ ಸಮಯ, ಇನ್ನೊಂದರಲ್ಲಿ ಪಾತ್ರದ ಹೆಸರು, ಮೂರನೆಯದರಲ್ಲಿ ಇಂಗ್ಲಿಷ್ ಸಾಲು. ನಾಲ್ಕನೆಯದು ಖಾಲಿ, ಅಲ್ಲಿ ನಾನು ಕನ್ನಡ ತುಂಬಬೇಕು. ಬಾಯಿ ತೆರೆದಷ್ಟು ಹೊತ್ತು ಮಾತು ಇರಬೇಕು, ಮುಚ್ಚಿದಾಗ ನಿಲ್ಲಬೇಕು. ಮೊದಲ ಎರಡು ವರ್ಷ ನಾನು ಆ ಇಂಗ್ಲಿಷ್ ಅಂಕಣವನ್ನೇ ಮೂಲ ಎಂದು ನಂಬಿದ್ದೆ. ಅಂದರೆ ಜಪಾನಿನ ಮನೆಯೊಂದನ್ನು ಯಾರೋ ಇಂಗ್ಲಿಷಿನ ಕಣ್ಣಿಂದ ನೋಡಿ ಬರೆದದ್ದನ್ನು ನಾನು ಮತ್ತೊಮ್ಮೆ ಕನ್ನಡಕ್ಕೆ ಇಳಿಸುತ್ತಿದ್ದೆ.

ಇಡ್ಲಿಯ ಪ್ರಸಂಗದ ಬಳಿಕ ಕ್ರಮ ಬದಲಿಸಿದೆ. ಹಾಳೆಯನ್ನು ಪಕ್ಕಕ್ಕಿಟ್ಟು ಜಪಾನಿ ಧ್ವನಿಯಲ್ಲೇ ಕಂತನ್ನು ಎರಡು ಸಲ ನೋಡಲು ಆರಂಭಿಸಿದೆ. ರಾತ್ರಿ ಕೂತು ಹಿರಗಾನ ಲಿಪಿ ಕಲಿತೆ. ಜಪಾನಿನ ನಗೋಯಾದಲ್ಲಿ ನೆಲೆಸಿರುವ ಕನ್ನಡದ ಗೃಹಿಣಿಯೊಬ್ಬರ ಪರಿಚಯವಾಯಿತು. ಅವರ ಮಕ್ಕಳು ಅಲ್ಲಿನ ಶಾಲೆಯಲ್ಲೇ ಓದುತ್ತಾರೆ. ತಿಳಿಯದ್ದನ್ನೆಲ್ಲ ಪಟ್ಟಿ ಮಾಡಿ ಅವರನ್ನು ಕೇಳುತ್ತೇನೆ.

ಮೊದಲು ಬೆರಗು ಹುಟ್ಟಿಸಿದ್ದು ಬಾಗಿಲಲ್ಲಿ ಆಡುವ ಒಂದು ಮಾತು. ಶಾಲೆಗೆ ಹೊರಡುವ ಹುಡುಗ ಬೂಟು ಹಾಕಿಕೊಂಡು "ಇತ್ತೆಕಿಮಸು" ಎನ್ನುತ್ತಾನೆ. ಇಂಗ್ಲಿಷ್ ಅಂಕಣದಲ್ಲಿ ಅದಕ್ಕೆ 'ಬೈ' ಎಂದಿತ್ತು. ನಾನು ವರ್ಷಗಟ್ಟಲೆ 'ಬೈ ಅಮ್ಮ' ಎಂದೇ ಬರೆದಿದ್ದೆ. ಇತ್ತೆ ಎಂದರೆ ಹೋಗಿ, ಕಿಮಸು ಎಂದರೆ ಬರುತ್ತೇನೆ. ನಮ್ಮ ಅಜ್ಜಿ 'ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು' ಎಂದು ತಿದ್ದಿ ಕಲಿಸಿದ ಅದೇ ಮಾತು! ಸಂಜೆ ಅವನು ಮರಳಿದಾಗ ತಾಯಿ ಒಳಗಿನಿಂದಲೇ "ಒಕಾಯೆರಿ" ಎನ್ನುತ್ತಾಳೆ. ಕನ್ನಡದ ತಾಯಿ ಅಡುಗೆಮನೆಯಿಂದ 'ಬಂದೆಯಾ?' ಎನ್ನುವುದೂ ಅದೇ ಗಳಿಗೆಗೆ, ಅದೇ ಧಾಟಿಯಲ್ಲಿ. ಆ ಎರಡು ಮಾತುಗಳನ್ನು ಬರೆದ ದಿನ ನನಗೆ ಬಹಳ ಸಂತೋಷವಾಯಿತು.

ಆಮೇಲೆ ಒಂದೊಂದಾಗಿ ತೆರೆದುಕೊಂಡವು. ಇಂಗ್ಲಿಷ್ ಅಂಕಣದಲ್ಲಿ 'ಬ್ರದರ್' ಎಂದಿದ್ದರೆ ಅವನು ಅಣ್ಣನೋ ತಮ್ಮನೋ ತಿಳಿಯುವುದಿಲ್ಲ. ಒಮ್ಮೆ ತಮ್ಮನನ್ನು ಅಣ್ಣ ಎಂದು ಬರೆದು ಹನ್ನೆರಡು ಕಂತು ಮುಂದೆ ಹೋದ ಮೇಲೆ ಪತ್ತೆಯಾಗಿತ್ತು. ಜಪಾನಿಯಲ್ಲಿ ಆ ಗೊಂದಲವಿಲ್ಲ: ಆನಿ ಅಣ್ಣ, ಒತೊತೊ ತಮ್ಮ, ಆನೆ ಅಕ್ಕ, ಇಮೊತೊ ತಂಗಿ. 'ಯು' ಎಂಬುದು ನೀನೋ ನೀವೋ ಎಂಬ ಸಂಕಟಕ್ಕೂ ದಾರಿ ಸಿಕ್ಕಿತು. ಸಾಲಿನ ಕೊನೆಯಲ್ಲಿ 'ದೆಸು', 'ಮಸು' ಕೇಳಿಸಿದರೆ ಆಡುವವರು ತುಸು ದೂರ ಇಟ್ಟೋ ಮರ್ಯಾದೆ ಕೊಟ್ಟೋ ಮಾತನಾಡುತ್ತಿದ್ದಾರೆ ಎಂದರ್ಥ. ಸಾಮಾನ್ಯವಾಗಿ ಅಲ್ಲಿ 'ನೀವು' ಕೂಡುತ್ತದೆ. ಎದೆ ಬಡಿತಕ್ಕೆ ಅವರು 'ದೊಕಿದೊಕಿ' ಎನ್ನುತ್ತಾರೆ, ನಮ್ಮಲ್ಲಿ 'ಢವಢವ' ಇದೆ. ಇಂಗ್ಲಿಷ್ ಹಾಳೆ ಅದನ್ನು 'ನನಗೆ ಆತಂಕವಾಗುತ್ತಿದೆ' ಎಂದು ಸಪ್ಪೆ ಮಾಡಿ ಕೊಟ್ಟಿತ್ತು. ನೇರವಾಗಿ ಕೈ ಚಾಚಿದರೆ ಎಟುಕುವಷ್ಟು ಹತ್ತಿರವಿದ್ದ ಮನೆಗೆ ನಾನು ಊರು ಸುತ್ತಿ ಹೋಗುತ್ತಿದ್ದೆ.

ಎಲ್ಲವೂ ಹೀಗೆ ಒದಗಿಬರುವುದಿಲ್ಲ. ಊಟದ ಮುಂಚೆ ಕೈ ಜೋಡಿಸಿ 'ಇತದಾಕಿಮಸು' ಎನ್ನುತ್ತಾರೆ. ತಲೆಬಾಗಿ ಸ್ವೀಕರಿಸುತ್ತೇನೆ ಎಂಬಂತಹ ಮಾತು. 'ಊಟ ಮಾಡೋಣ' ಎಂದರೆ ಜೋಡಿಸಿದ ಕೈಗೆ ಅರ್ಥವಿರುವುದಿಲ್ಲ. ಅನ್ನಪೂರ್ಣೆಯ ಶ್ಲೋಕ ಹಾಕಿ ಎಂದು ಸ್ಟುಡಿಯೊದಲ್ಲಿ ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ, ಅದು ಬೇರೊಬ್ಬರ ಮನೆಯಲ್ಲಿ ನಮ್ಮ ದೇವರ ಪಟ ತೂಗುಹಾಕಿದಂತೆ. ಕೊನೆಗೆ 'ಊಟಕ್ಕೆ ನಮಸ್ಕಾರ' ಎಂದಿಟ್ಟೆವು. ಒನಿಗಿರಿಗೂ 'ಅನ್ನದುಂಡೆ' ಎಂದು ಬರೆದು ನೋಡಿದ್ದೆ, ನಾಲ್ಕು ಅಕ್ಷರ, ಬಾಯಿಗೆ ಸರಿಯಾಗಿ ಕೂರುತ್ತಿತ್ತು. ಹಿರಿಯ ಕಂಠದಾನ ಕಲಾವಿದರು ಅದನ್ನು ಓದಿ, "ಶ್ರಾದ್ಧದ ಪಿಂಡ ನೆನಪಾಗುತ್ತದಲ್ಲ ಅಮ್ಮ" ಎಂದರು. ಅವರು ಹೇಳಿದ್ದು ಸರಿ. ಈಗ ಒನಿಗಿರಿ ಎಂದೇ ಇಡುತ್ತೇವೆ. ಧಾರಾವಾಹಿಯಲ್ಲಿ ಮೊದಲ ಸಲ ಬಂದಾಗ ಮಾತ್ರ ಯಾವುದಾದರೂ ಪಾತ್ರದ ಬಾಯಲ್ಲಿ 'ಅನ್ನ ಒತ್ತಿ ಮಾಡಿದ್ದು' ಎಂದು ಸೇರಿಸುತ್ತೇವೆ.

ಶಾಲೆಯ ದೃಶ್ಯವೊಂದರಲ್ಲಿ ನಾನು ಮಾಡಿದ ತಪ್ಪು ಇಡ್ಲಿಗಿಂತ ದೊಡ್ಡದು. ಸಂಜೆ ಮಕ್ಕಳು ತರಗತಿ ಗುಡಿಸುತ್ತ, ನೆಲ ಒರೆಸುತ್ತ ಇದ್ದರು. ನಾನು ಒಬ್ಬ ಹುಡುಗನ ಬಾಯಲ್ಲಿ 'ಟೀಚರ್ ಶಿಕ್ಷೆ ಕೊಟ್ಟಿದ್ದಾರೆ' ಎಂದು ಬರೆದುಬಿಟ್ಟೆ. ನಗೋಯಾದವರು ಕೇಳಿ ನೊಂದುಕೊಂಡರು. ಅಲ್ಲಿ ದಿನವೂ ಎಲ್ಲ ಮಕ್ಕಳೂ ಸೇರಿ ಶಾಲೆ ಸ್ವಚ್ಛ ಮಾಡುತ್ತಾರೆ, ಸರದಿಯಂತೆ ಬಿಳಿ ನಿಲುವಂಗಿ ತೊಟ್ಟು ಸಹಪಾಠಿಗಳಿಗೆ ಊಟ ಬಡಿಸುತ್ತಾರೆ. ನಮ್ಮಲ್ಲಿ ಪೊರಕೆ ಯಾರ ಕೈಗೆ ಬರುತ್ತದೆ ಎಂಬುದರ ಹಿಂದೆ ಜಾತಿಯ ಕಹಿ ಇತಿಹಾಸವಿದೆ. ಆ ಕಹಿಯನ್ನು ನನಗೇ ಅರಿವಿಲ್ಲದೆ ಆ ಮಕ್ಕಳ ತಲೆಗೆ ಕಟ್ಟಿದ್ದೆ. 'ಇವತ್ತು ಗುಡಿಸುವ ಸರದಿ ನನ್ನದು' ಎಂದು ತಿದ್ದಿದೆ. ಸದ್ಯ, ಆಗಿನ್ನೂ ಧ್ವನಿಮುದ್ರಣವಾಗಿರಲಿಲ್ಲ.

ಧ್ವನಿಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಜಪಾನಿ ತಾತನ ಪಾತ್ರಕ್ಕೆ 'ಸ್ವಲ್ಪ ವಿದೇಶಿ ಥರ' ಮೂಗಿನಲ್ಲಿ ಮಾತನಾಡಿಸೋಣ, ಮಕ್ಕಳು ನಗುತ್ತಾರೆ ಎಂಬ ಸಲಹೆ ಪ್ರತಿ ಹೊಸ ಧಾರಾವಾಹಿಗೂ ಬರುತ್ತದೆ. ತನ್ನ ಮನೆಯ ಜಗಲಿಯಲ್ಲಿ ಕೂತ ತಾತ ವಿದೇಶಿಯಾಗುವುದು ಹೇಗೆ? ದಿ ಸಿಂಪ್ಸನ್ಸ್ ಎಂಬ ಅಮೆರಿಕದ ಕಾರ್ಟೂನಿನಲ್ಲಿ ಅಪು ಎಂಬ ಭಾರತೀಯ ಅಂಗಡಿಯವನಿಗೆ ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ ದಶಕಗಳ ಕಾಲ ಎಳೆದೆಳೆದು ಮಾತನಾಡುವ ಧ್ವನಿ ಕೊಟ್ಟರು. ಆ ಧ್ವನಿಯಲ್ಲೇ ತಮ್ಮನ್ನು ಶಾಲೆಯಲ್ಲಿ ಅಣಕಿಸಿದರೆಂದು ಅಲ್ಲಿ ಬೆಳೆದ ಭಾರತೀಯ ಮೂಲದವರು ಹೇಳಿಕೊಂಡಿದ್ದಾರೆ. ಟೀಕೆ ಬೆಳೆದು 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು. ಸ್ಟುಡಿಯೊದಲ್ಲಿ ಇದನ್ನು ಹೇಳಿದಾಗ ವಾದ ನಿಲ್ಲುತ್ತದೆ. ತಾತ ಈಗ ನಮ್ಮ ಯಾವುದೇ ಊರಿನ ತಾತನಂತೆ ಶಾಂತವಾಗಿ ಕನ್ನಡ ಮಾತನಾಡುತ್ತಾರೆ.

ಭಾನುವಾರ ನಮ್ಮ ಬೀದಿಯ ಮಕ್ಕಳನ್ನು ಕರೆದು ಕರಡು ಓದಿ ತೋರಿಸುತ್ತೇನೆ. ಒಂದು ಕಂತಿನಲ್ಲಿ ಹುಡುಗಿ ಸೀನಿ, 'ಯಾರೋ ನನ್ನ ಮಾತು ಆಡುತ್ತಿದ್ದಾರೆ' ಎನ್ನುತ್ತಾಳೆ. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಎನ್ನುವುದು ನಮ್ಮ ರೂಢಿ; ಸೀನಿಗೆ ಬೇರೆಯೇ ಅರ್ಥ, ಹೊರಡುವಾಗ ಸೀನಿದರೆ ಅಪಶಕುನ. ವಿವರಣೆ ಬೇಕಾದೀತು ಎಂದುಕೊಂಡಿದ್ದೆ. ಒಬ್ಬ ಹುಡುಗ ತಾನೇ ಹೇಳಿದ: "ಅವರಿಗೆ ಸೀನು, ನಮಗೆ ಬಿಕ್ಕಳಿಕೆ." ಮಳೆ ನಿಲ್ಲಲಿ ಎಂದು ಕಿಟಕಿಗೆ ಕಟ್ಟುವ ತೆರುತೆರುಬೋಜು ಎಂಬ ಬಿಳಿ ಬಟ್ಟೆಯ ಬೊಂಬೆ ಬಂದಾಗ, ಗದಗದ ಕಡೆಯ ಹುಡುಗಿಯೊಬ್ಬಳು ತನ್ನ ಊರಲ್ಲಿ ಮಳೆ ಬರಲಿ ಎಂದು ಗುರ್ಜಿ ಎಂಬ ಮೂರ್ತಿ ಹೊತ್ತು ಮನೆಮನೆಗೆ ಹೋಗುವುದನ್ನು ಎದ್ದು ನಿಂತು ವರ್ಣಿಸಿದಳು. ಉಳಿದ ಬೆಂಗಳೂರಿನ ಮಕ್ಕಳಿಗೆ ಬೊಂಬೆಯಷ್ಟೇ ಹೊಸದಾಗಿತ್ತು ಗುರ್ಜಿ. ಕಂತನ್ನು ಅರ್ಧಕ್ಕೆ ನಿಲ್ಲಿಸಿ ಅವಳ ಮಾತನ್ನೇ ಕೇಳಿದೆವು.

ಈಗ ಕೈಯಲ್ಲಿರುವ ಧಾರಾವಾಹಿಯಲ್ಲಿ ಒಂದು ಗಂಟಿದೆ. ಜಪಾನಿಯಲ್ಲಿ 'ನಾನು' ಎನ್ನಲು ಹಲವು ಪದಗಳು. ಹುಡುಗರು ಹೆಚ್ಚಾಗಿ 'ಬೊಕು' ಎನ್ನುತ್ತಾರೆ, ಹುಡುಗಿಯರು 'ವತಾಶಿ'. ಈ ಕಥೆಯ ಹತ್ತು ವರ್ಷದ ಹುಡುಗಿ ತನ್ನನ್ನು ಬೊಕು ಎಂದೇ ಹೇಳಿಕೊಳ್ಳುತ್ತಾಳೆ, ಗೆಳತಿಯರು ಅದಕ್ಕೆ ಹುಬ್ಬೇರಿಸುತ್ತಾರೆ. ಕನ್ನಡದಲ್ಲಿ ಎಲ್ಲರೂ 'ನಾನು', ಕ್ರಿಯಾಪದವೂ 'ಬಂದೆ', 'ಹೋದೆ' ಎಂದು ಒಂದೇ. ಗೆಳತಿಯರು ಯಾವುದಕ್ಕೆ ಹುಬ್ಬೇರಿಸಬೇಕು? ಆ ಸಾಲನ್ನು ಮೂರು ವಿಧವಾಗಿ ಬರೆದಿಟ್ಟಿದ್ದೇನೆ. ಶನಿವಾರ ಆ ಪಾತ್ರದ ಕಲಾವಿದೆ ಬಂದು ಮೂರನ್ನೂ ಓದುತ್ತಾರೆ. ಭಾನುವಾರ ಮಕ್ಕಳು ಕೇಳುತ್ತಾರೆ.