ಮೊದಲು ಮೇಲಿನ ಪ್ಲಗ್ ಬಿಚ್ಚಿ: ಜೋರು ಗಾಡಿಯ ಡಿಫರೆನ್ಷಿಯಲ್ ಆಯಿಲ್ ಬದಲಿಸುವ ಬಗೆ

ಜೋರು ಓಡುವ ಗಾಡಿ ಇಟ್ಟುಕೊಂಡವರು ಎಂಜಿನ್ ಆಯಿಲ್ ವಿಷಯದಲ್ಲಿ ತುಂಬ ಕಟ್ಟುನಿಟ್ಟು. ಇಷ್ಟು ಕಿಲೋಮೀಟರ್ ಆಯ್ತು ಅಂದರೆ ಬದಲಿಸಿಯೇ ಬಿಡುತ್ತಾರೆ. ಅದೇ ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ ಕೂತು, ತಿರುವಿನಲ್ಲಿ ಅವೆರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್ ಕಡೆ ವರ್ಷಗಟ್ಟಲೆ ಯಾರೂ ತಿರುಗಿ ನೋಡುವುದಿಲ್ಲ. ಎಂಜಿನ್‌ಗಾದರೆ ಫಿಲ್ಟರ್ ಇದೆ, ಪಂಪ್ ಇದೆ, ಆಯಿಲ್ ಒತ್ತಡ ಇಳಿದರೆ ಹೊತ್ತಿಕೊಳ್ಳುವ ಕೆಂಪು ದೀಪ ಇದೆ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಇದ್ಯಾವುದೂ ಇಲ್ಲ. ಇರುವುದು ಒಂದು ಲೀಟರ್ ಆಸುಪಾಸಿನ ಎಣ್ಣೆ ಮಾತ್ರ. ಒಳಗಿನ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್ ವೀಲ್, ತಿರುಗುತ್ತಾ ಆ ಎಣ್ಣೆಯನ್ನು ತಾನೇ ಮೇಲಕ್ಕೆ ಎರಚಿಕೊಳ್ಳುತ್ತದೆ. ಗೇರಿನಿಂದ ಸವೆದ ಕಬ್ಬಿಣದ ಪುಡಿಗೆ ಹೊರಗೆ ಹೋಗುವ ದಾರಿಯಿಲ್ಲ. ಅಲ್ಲೇ ಸುತ್ತುತ್ತಿರುತ್ತದೆ.

ಈ ಆಯಿಲ್ ಬದಲಿಸುವುದು ದೊಡ್ಡ ಕೆಲಸವಲ್ಲ. ಒಮ್ಮೆ ಕಲಿತರೆ ಒಂದೂವರೆ ಗಂಟೆ ಸಾಕು. ಗ್ಯಾರೇಜಿಗೆ ಕೊಟ್ಟರೂ ಆಗುತ್ತದೆ. ಆದರೂ ಒಂದು ಸಲವಾದರೂ ನೀವೇ ಮಾಡಿ ಅಂತ ನಾನು ಹೇಳುವುದಕ್ಕೆ ಕಾರಣವಿದೆ. ಗಾಡಿಯನ್ನು ಬಿಚ್ಚದೆ ಕ್ರೌನ್ ವೀಲ್, ಅದನ್ನು ತಿರುಗಿಸುವ ಸಣ್ಣ ಪಿನಿಯನ್ ಗೇರು ಹೇಗಿವೆ ಅಂತ ತಿಳಿಯಲು ಹಳೇ ಎಣ್ಣೆ ನೋಡುವುದಕ್ಕಿಂತ ಒಳ್ಳೇ ದಾರಿಯಿಲ್ಲ. ಬೇರೆಯವರು ಮಾಡಿದರೆ ಆ ಎಣ್ಣೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಯಾವ ಆಯಿಲ್?

ತಪ್ಪು ಜಾಸ್ತಿ ಆಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹಿಂದಿನ ಚಕ್ರ ಎಳೆಯುವ ಗಾಡಿಗಳ ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೈಪಾಯ್ಡ್ ಗೇರು. 1920ರ ದಶಕದಲ್ಲಿ ಪ್ಯಾಕಾರ್ಡ್ ಕಾರುಗಳಲ್ಲಿ ಇದು ಬಂತು. ಇದರಲ್ಲಿ ಪಿನಿಯನ್ ಗೇರು ಕ್ರೌನ್ ವೀಲಿನ ನಟ್ಟನಡುವೆ ಕೂರದೆ ಸ್ವಲ್ಪ ಕೆಳಗೆ ಕೂರುತ್ತದೆ. ಅದರಿಂದ ಮುಂದಿನಿಂದ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ತಗ್ಗುತ್ತದೆ, ಗಾಡಿಯನ್ನೂ ತಗ್ಗಿಸಬಹುದು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉಜ್ಜಿಕೊಂಡು ಜಾರುತ್ತವೆ. ಅಷ್ಟು ಒತ್ತಡದಲ್ಲಿ ಹೀಗೆ ಉಜ್ಜಿದರೆ ಬರೀ ಎಣ್ಣೆಯ ಪದರ ನಿಲ್ಲುವುದಿಲ್ಲ. ಅದಕ್ಕೇ ಗೇರ್ ಆಯಿಲ್‌ಗೆ ಗಂಧಕ, ರಂಜಕದ ಅಂಶ ಸೇರಿಸಿರುತ್ತಾರೆ. ಬಿಸಿಯಾದಾಗ ಇವು ಕಬ್ಬಿಣದ ಮೈಗೆ ಅಂಟಿ ಒಂದು ಪದರ ಕಟ್ಟುತ್ತವೆ. ಡಬ್ಬ ತೆರೆದ ಕೂಡಲೇ ಮೂಗಿಗೆ ಹೊಡೆಯುವ ನಾತ ಆ ಗಂಧಕದ್ದೇ. ಬಟ್ಟೆಗೆ ಬಿದ್ದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಹಳೇ ಬಟ್ಟೆ ಹಾಕಿಕೊಳ್ಳಿ.

ಡಬ್ಬದ ಮೇಲೆ ಎರಡು ವಿಷಯ ನೋಡಬೇಕು. ಒಂದು ದರ್ಜೆ. ಹೈಪಾಯ್ಡ್ ಗೇರಿಗೆ ಬೇಕಾಗುವುದು ಜಿಎಲ್‌-5. ಗೇರ್‌ಬಾಕ್ಸಿಗೆ ಹಾಕಿ ಉಳಿದ ಜಿಎಲ್‌-4 ಇದೆ ಅಂತ ಅದನ್ನೇ ಸುರಿಯಬೇಡಿ. ಉಳಿದ ಜಿಎಲ್‌-5 ಅನ್ನು ಗೇರ್‌ಬಾಕ್ಸಿಗೆ ಹಾಕುವುದೂ ಬೇಡ, ಗೇರು ಸಲೀಸಾಗಿ ಬೀಳುವಂತೆ ಮಾಡುವ ಅಲ್ಲಿನ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ಅದು ತಿನ್ನಬಹುದು. ಇನ್ನೊಂದು ಎಣ್ಣೆ ಎಷ್ಟು ಮಂದ ಅನ್ನುವುದು. 75ಡಬ್ಲ್ಯು-90 ಹೆಚ್ಚು ಕಡೆ ನಡೆಯುತ್ತದೆ. ಮೈಲೇಜ್ ಸಿಗಲಿ ಅಂತ ಕೆಲವು ಕಂಪನಿಗಳು ತೆಳ್ಳಗಿನದ್ದನ್ನು ಹೇಳುತ್ತವೆ. ಭಾರ ಹೆಚ್ಚು, ಟಾರ್ಕ್ ಹೆಚ್ಚು ಇರುವ ಕೆಲವು ಗಾಡಿಗಳಿಗೆ 75ಡಬ್ಲ್ಯು-140. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆ ಮಾತು.

ಜೋರು ಗಾಡಿಗಳಲ್ಲಿ ಇನ್ನೊಂದು ಪ್ರಶ್ನೆ ಇದೆ: ಎಲ್‌ಎಸ್‌ಡಿ ಇದೆಯಾ, ಇದ್ದರೆ ಯಾವ ಬಗೆಯದು? ಎಲ್‌ಎಸ್‌ಡಿ ಅಂದರೆ ಒಂದು ಚಕ್ರ ಸುಮ್ನೆ ಜಾರಿ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಕ್ಲಚ್ ಪ್ಲೇಟ್ ಇರುವ ಬಗೆಗೆ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ಮಿಶ್ರಣ ಬೇಕಾಗುತ್ತದೆ. ಅದಿಲ್ಲದಿದ್ದರೆ ಪ್ಲೇಟುಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತವೆ. ನಿಧಾನವಾಗಿ ಗಾಡಿ ತಿರುಗಿಸುವಾಗ ಹಿಂದೆ ಕಟಕಟ ಅಂತ ಅದುರುತ್ತದೆ. ಡಬ್ಬದ ಮೇಲೆ ಎಲ್‌ಎಸ್‌ಡಿಗೆ ಸಲ್ಲುತ್ತದೆ ಅಂತ ಬರೆದಿದ್ದರೆ ಆ ಮಿಶ್ರಣ ಸಾಮಾನ್ಯವಾಗಿ ಒಳಗೇ ಇರುತ್ತದೆ. ಅದರ ಮೇಲೆ ಇನ್ನೊಂದು ಬಾಟಲಿ ಸುರಿದರೆ ಪ್ಲೇಟುಗಳು ಸರಿಯಾಗಿ ಹಿಡಿಯುವುದೇ ಇಲ್ಲ, ಎಲ್‌ಎಸ್‌ಡಿ ಇದ್ದೂ ಇಲ್ಲದಂತೆ. ಟಾರ್ಸನ್‌ನಂಥ ಗೇರ್ ಬಗೆಗೆ ಈ ಮಿಶ್ರಣದ ಅಗತ್ಯವಿಲ್ಲ. ವಿಸ್ಕಸ್ ಬಗೆಯಲ್ಲಿ ಸಿಲಿಕೋನ್ ದ್ರವ ಬೇರೆಯೇ ಡಬ್ಬಿಯೊಳಗೆ ಮುಚ್ಚಿಕೊಂಡಿರುತ್ತದೆ, ಅದನ್ನು ನಾವು ಮುಟ್ಟುವುದಿಲ್ಲ. ಗಾಡಿಯ ಹೆಸರು ನೋಡಿ ಬಗೆ ಊಹಿಸಬೇಡಿ. ಮಾಜ್ದಾ ಎಂಎಕ್ಸ್‌-5ರ ಮೊದಲ ತಲೆಮಾರಿನಲ್ಲೇ ಎಲ್‌ಎಸ್‌ಡಿ ಮೊದಲು ವಿಸ್ಕಸ್ ಆಗಿತ್ತು, 1.8 ಲೀಟರ್ ಎಂಜಿನ್ ಬಂದಾಗ ಟಾರ್ಸನ್ ಆಯಿತು.

ಹಿಂದೆ ಅಮೆರಿಕದ ಗಾಡಿಗಳ ಎಲ್‌ಎಸ್‌ಡಿಗೆ ಈ ಜಾರಿಕೆ ಕೊಡಲು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೇ ಬಳಸುತ್ತಿದ್ದರು. 1970ರ ದಶಕದ ಮೊದಲಲ್ಲಿ ಅದಕ್ಕೆ ನಿಷೇಧ ಬಂದ ಮೇಲೆ ಬೇರೆ ರಾಸಾಯನಿಕ ಹುಡುಕಿಕೊಂಡರು. ಒಂದು ಪ್ರಾಣಿಯ ಜೀವ ಉಳಿಸಿದ ಬದಲಾವಣೆ ಅದು.

ಇನ್ನೊಂದು ಮಾತು. ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಇರುತ್ತದೆ. ಹೆಚ್ಚಿನವಕ್ಕೆ ಗೇರ್‌ಬಾಕ್ಸ್ ಆಯಿಲ್ಲೇ ಸಾಕು. ನಾಲ್ಕೂ ಚಕ್ರ ಎಳೆಯುವ, ಏಳನೇ ತಲೆಮಾರಿನ ಗಾಲ್ಫ್ ಆರ್‌ನಂಥ ಗಾಡಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್‌ಗೆ ಅಂಟಿಕೊಂಡೇ ಬೇಕಾದಾಗ ಹಿಂದಿನ ಚಕ್ರಗಳಿಗೆ ಬಲ ಕಳಿಸುವ ಹಾಲ್ಡೆಕ್ಸ್ ಕಪ್ಲಿಂಗ್ ಇರುತ್ತದೆ. ಅದರ ಎಣ್ಣೆ ಬೇರೆ, ಪ್ಲಗ್ಗೂ ಬೇರೆ. ಎರಡೂ ಹತ್ತಿರ ಹತ್ತಿರ ಇರುವುದರಿಂದ ಯಾವುದು ಯಾವುದು ಅಂತ ಮೊದಲೇ ಗುರುತು ಮಾಡಿಕೊಳ್ಳಿ.

ಯಾವಾಗ?

ರಸ್ತೆಯಲ್ಲಿ ಮಾತ್ರ ಓಡುವ ಗಾಡಿಗೆ ಪುಸ್ತಕದ ಲೆಕ್ಕ ಸಾಕು. ಟ್ರ್ಯಾಕಿಗೆ ಇಳಿಸುವವರು ಆ ಲೆಕ್ಕ ಬಿಟ್ಟು ಬಿಸಿಯ ಲೆಕ್ಕ ಹಿಡಿಯಬೇಕು. ನಾನಾದರೆ ಮೂರು ನಾಲ್ಕು ಟ್ರ್ಯಾಕ್ ದಿನಕ್ಕೊಮ್ಮೆ ಬದಲಿಸುತ್ತೇನೆ. ಹೊಸ ಗಾಡಿಗೆ ಮೊದಲ ಬದಲಾವಣೆ ಬೇಗ ಆದಷ್ಟೂ ಒಳ್ಳೇದು. ಗೇರು ಹೊಂದಿಕೊಳ್ಳುವಾಗಲೇ ಜಾಸ್ತಿ ಪುಡಿ ಬರುತ್ತದೆ. ಬಿಎಂಡಬ್ಲ್ಯು ತನ್ನ ಎಂ ಗಾಡಿಗಳಿಗೆ 2,000 ಕಿ.ಮೀ. ಆಸುಪಾಸಿನ ಮೊದಲ ಸರ್ವಿಸ್‌ನಲ್ಲೇ ಈ ಆಯಿಲ್ ಬದಲಿಸಲು ಹೇಳುತ್ತಾ ಬಂದಿರುವುದು ಅದಕ್ಕೇ. ‘ಇದು ಜೀವಮಾನದ ಆಯಿಲ್, ಬದಲಿಸಬೇಕಿಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಗಾಡಿ ಎತ್ತುವುದು

ಹತ್ತು ಹದಿನೈದು ನಿಮಿಷ ಗಾಡಿ ಓಡಿಸಿ ಬನ್ನಿ. ಬೆಚ್ಚಗಾದ ಎಣ್ಣೆ ಬೇಗ ಇಳಿಯುತ್ತದೆ, ತಳದ ಪುಡಿಯನ್ನೂ ಎಳೆದುಕೊಂಡು ಬರುತ್ತದೆ. ಆದರೆ ಸೈಲೆನ್ಸರ್ ಪೈಪು ಡಿಫರೆನ್ಷಿಯಲ್ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ಕೈ ಸುಡದಷ್ಟು ತಣಿಯಲಿ.

ಗಟ್ಟಿ ನೆಲದ ಮೇಲೆ ಗಾಡಿಯ ನಾಲ್ಕೂ ಕಡೆ ಎತ್ತಿ, ನಾಲ್ಕು ಸ್ಟ್ಯಾಂಡ್ ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟ ಮೇಲೆ ಪಕ್ಕದಿಂದ ಜೋರಾಗಿ ಒಮ್ಮೆ ತಳ್ಳಿ ನೋಡಿ. ಅಲುಗಿದರೆ ಇಳಿಸಿ ಮತ್ತೆ ಕೂರಿಸಿ. ಹಿಂಬದಿ ಮಾತ್ರ ಎತ್ತಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಎಣ್ಣೆಯ ಮಟ್ಟ ನೋಡುವುದು ಎಣ್ಣೆ ತುಂಬುವ ಪ್ಲಗ್ಗಿನ ತೂತಿನಲ್ಲಿ. ಹೆಚ್ಚಾಗಿ ಅದು ಹಿಂಬದಿಯ ಕವರಿನಲ್ಲಿರುತ್ತದೆ. ಗಾಡಿಯ ಮೂತಿ ತಗ್ಗಿದರೆ ಎಣ್ಣೆ ಮುಂದಕ್ಕೆ ಸರಿಯುತ್ತದೆ, ನೀವು ಬೇಕಾದ್ದಕ್ಕಿಂತ ಜಾಸ್ತಿ ತುಂಬಿಬಿಡುತ್ತೀರಿ.

ಮೇಲಿನದು ಮೊದಲು

ಡಿಫರೆನ್ಷಿಯಲ್‌ಗೆ ಎರಡು ಪ್ಲಗ್. ಮೇಲಿನದು ತುಂಬಲು, ಕೆಳಗಿನದು ಇಳಿಸಲು. ಕೆಳಗಿನದನ್ನು ಮುಟ್ಟುವ ಮೊದಲು ಮೇಲಿನದು ಬಿಚ್ಚುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಒಮ್ಮೆ ನನ್ನ ಗಾಡಿಯನ್ನೇ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಹುಡುಗ ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ. ಆಮೇಲೆ ಮೇಲಿನದಕ್ಕೆ ಕೈ ಹಾಕಿದರೆ ಅದು ಜಗ್ಗಲಿಲ್ಲ. ಪಾನಾ ಜಾರಿ ಜಾರಿ ಪ್ಲಗ್ಗಿನ ಮೂಲೆಯೆಲ್ಲ ಸವೆದು ಗುಂಡಗಾಯಿತು. ಎಣ್ಣೆಯಿಲ್ಲದ ಗಾಡಿಯನ್ನು ಓಡಿಸುವಂತಿಲ್ಲ, ತುಂಬುವ ದಾರಿಯೂ ಇಲ್ಲ. ವೆಲ್ಡಿಂಗ್ ಮಾಡುವವರು ಬಂದು ಪ್ಲಗ್ಗಿನ ಮೇಲೆ ನಟ್ ಬೆಸೆದು ಬಿಚ್ಚುವವರೆಗೆ ಎರಡು ದಿನ ಗಾಡಿ ಲಿಫ್ಟಿನ ಮೇಲೇ ನಿಂತಿತ್ತು. ಮೇಲಿನದನ್ನೇ ಮೊದಲು ನೋಡಿದ್ದರೆ ಹಳೇ ಎಣ್ಣೆಯಲ್ಲೇ ಮನೆಗೆ ಓಡಿಸಿಕೊಂಡು ಬರಬಹುದಿತ್ತು ಅಲ್ವಾ?

ಪ್ಲಗ್ ಸುತ್ತಲಿನ ಮಣ್ಣನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಪ್ಲಗ್ಗಿನ ಗುಂಡಿಯೊಳಗಿನ ಮಣ್ಣನ್ನೂ ಸಣ್ಣ ಸ್ಕ್ರೂಡ್ರೈವರ್‌ನಿಂದ ಕೆದಕಿ. ಅದು ಒಳಗಿದ್ದರೆ ಬಿಟ್ ಪೂರ್ತಿ ಇಳಿಯದೆ ಜಾರುತ್ತದೆ. ಕೆಲವು ಗಾಡಿಗೆ ಅರ್ಧ ಇಂಚಿನ ಚೌಕ, ಕೆಲವಕ್ಕೆ ಅಲೆನ್ ಬಿಟ್, ಕೆಲವಕ್ಕೆ ಮಾಮೂಲಿ ಆರು ಮೂಲೆಯ ಸಾಕೆಟ್. ಅಳತೆ ಸರಿಯಿರಬೇಕು, ಉದ್ದನೆ ಹಿಡಿ ಬೇಕು. ಜಗ್ಗದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ.

ಮೇಲಿನದು ಸಡಿಲವಾಯಿತಾ? ಈಗ ಟ್ರೇ ಇಟ್ಟು ಕೆಳಗಿನದನ್ನು ಬಿಚ್ಚಿ. ಕೊನೆಯ ಸುತ್ತಿನಲ್ಲಿ ಪ್ಲಗ್ಗನ್ನು ಒಳಕ್ಕೆ ಒತ್ತಿ ಹಿಡಿದು, ಥಟ್ಟನೆ ಪಕ್ಕಕ್ಕೆ ಎಳೆಯಿರಿ. ಕೆಳಗಿನ ಪ್ಲಗ್ಗೇ ಇಲ್ಲದ ಗಾಡಿಗಳೂ ಇವೆ. ಅಲ್ಲಿ ಮೇಲಿನ ತೂತಿನಿಂದ ಪೈಪು ಇಳಿಸಿ ಕೈ ಪಂಪಿನಿಂದ ಹೀರಬೇಕು, ಇಲ್ಲವೇ ಹಿಂದಿನ ಕವರ್ ಬಿಚ್ಚಬೇಕು.

ಹಳೇ ಎಣ್ಣೆ ಏನು ಹೇಳುತ್ತದೆ?

ಎಣ್ಣೆ ತೊಟ್ಟಿಕ್ಕುತ್ತಿರಲಿ. ಪ್ಲಗ್ಗನ್ನು ಬೆಳಕಿಗೆ ಹಿಡಿಯಿರಿ. ಹಲವಕ್ಕೆ ತುದಿಯಲ್ಲಿ ಆಯಸ್ಕಾಂತ ಇರುತ್ತದೆ, ಅದರ ಮೇಲೆ ಬೂದು ಬಣ್ಣದ ಮುದ್ದೆ ಕೂತಿರುತ್ತದೆ. ಗ್ಲೌಸ್ ಹಾಕಿದ ಎರಡು ಬೆರಳಿನ ನಡುವೆ ಅದನ್ನು ಸ್ವಲ್ಪ ತಿಕ್ಕಿ. ವಿಭೂತಿಯಂತೆ ನುಣ್ಣಗಿದ್ದರೆ ಚಿಂತೆಯಿಲ್ಲ. ಅದು ಮಾಮೂಲಿ ಸವೆತ. ಮರಳಿನಂತೆ ತರಿತರಿಯಾಗಿ ಸಿಕ್ಕರೆ ಅನುಮಾನ ಪಡಿ, ಮುಂದಿನ ಬದಲಾವಣೆ ಬೇಗ ಮಾಡಿ. ಉಗುರಿನ ಚೂರಿನಂಥ ತುಣುಕು, ಮಿನುಗುವ ಚಕ್ಕೆ ಸಿಕ್ಕರೆ ಹಲ್ಲೋ ಬೇರಿಂಗೋ ಮುರಿಯುತ್ತಿದೆ. ಹೊಸ ಎಣ್ಣೆ ಹಾಕಿ ಸುಮ್ಮನಾಗುವ ವಿಷಯವಲ್ಲ ಅದು, ಬಿಚ್ಚಿಸಿ ನೋಡಿಸಿ.

ಎಣ್ಣೆಯನ್ನೂ ನೋಡಿ. ಕಪ್ಪಾಗಿರುವುದು ಸಹಜ, ಕ್ಲಚ್ ಪ್ಲೇಟ್ ಬಗೆಯಲ್ಲಂತೂ ಇನ್ನೂ ಕಪ್ಪು. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಆಗ ಹೌಸಿಂಗಿನ, ಅಂದರೆ ಹೊರಪೆಟ್ಟಿಗೆಯ, ಮೇಲಿರುವ ಬ್ರೀದರ್, ಶಾಫ್ಟಿನ ಸೀಲು ಎರಡನ್ನೂ ನೋಡಿ. ಬ್ರೀದರ್ ಅಂದರೆ ಒಳಗಿನ ಗಾಳಿ ಆಡಲು ಇರುವ ಸಣ್ಣ ಕಿಂಡಿ. ಅದು ಮಣ್ಣು ತುಂಬಿ ಮುಚ್ಚಿಹೋದರೆ ಬಿಸಿಯಾದ ಗಾಳಿ ಸೀಲನ್ನೇ ದೂಡಿ ಎಣ್ಣೆ ಹೊರಹಾಕುತ್ತದೆ. ಸೀಲು ಸೋರುತ್ತಿದೆ ಅಂತ ಬದಲಿಸಿ, ಮತ್ತೆ ಸೋರಿ, ಮತ್ತೆ ಬದಲಿಸಿದವರನ್ನು ನೋಡಿದ್ದೇನೆ. ಕಾರಣ ಬ್ರೀದರ್ ಆಗಿತ್ತು.

ಪ್ಲಗ್ ಒರೆಸುವ ಮೊದಲು ಒಂದು ಫೋಟೋ ತೆಗೆದು, ಕಿಲೋಮೀಟರ್ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.

ತುಂಬುವುದು

ಆಯಸ್ಕಾಂತ ಒರೆಸಿ, ಹೊಸ ವಾಷರ್ ಹಾಕಿ, ಕೆಳಗಿನ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಹೌಸಿಂಗ್ ಅಲ್ಯೂಮಿನಿಯಂ ಇದ್ದರೆ ಓರೆ ಕೂತ ಪ್ಲಗ್ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಬಿಗಿ ಮಾಡಲು ಟಾರ್ಕ್ ರೆಂಚ್ ಬಳಸಿ, ಪುಸ್ತಕದ ಅಂಕಿಗೇ ನಿಲ್ಲಿಸಿ. ವಾಷರ್ ಇಲ್ಲದೆ, ತುದಿಗೆ ಹೋದಂತೆ ಸಣ್ಣಗಾಗುವ ಥ್ರೆಡ್ ಇರುವ ಪ್ಲಗ್ಗುಗಳಿಗೆ ಸೀಲಂಟ್ ಬೇಕಾದರೆ ಅದೂ ಪುಸ್ತಕದಲ್ಲಿರುತ್ತದೆ.

ಡಬ್ಬ ಎತ್ತಿ ಸುರಿಯಲು ಮೇಲೆ ಜಾಗ ಇರುವುದಿಲ್ಲ. ಡಬ್ಬದ ಬಾಯಿಗೆ ಹಾಕುವ ಕೈ ಪಂಪ್ ಒಂದು ತೆಗೆದುಕೊಳ್ಳಿ. ಗೇರ್ ಆಯಿಲ್ ಮಂದ, ಚಳಿಯಲ್ಲಂತೂ ಇಳಿಯುವುದೇ ಇಲ್ಲ. ಡಬ್ಬವನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ಇಟ್ಟರೆ ಪಂಪ್ ಮಾಡುವ ಕೈಗೆ ಸುಖ. ಫ್ರಿಕ್ಷನ್ ಮಾಡಿಫೈಯರ್ ಮಿಶ್ರಣ ಬೇರೆಯಾಗಿ ಹಾಕುವುದಿದ್ದರೆ ಅದನ್ನು ಮೊದಲು ಹಾಕಿ, ಆಮೇಲೆ ಎಣ್ಣೆ. ಕೊನೆಗೆ ಹಾಕಲು ಹೋದರೆ ಜಾಗವೇ ಉಳಿದಿರುವುದಿಲ್ಲ.

ತೂತಿನ ಕೆಳ ಅಂಚಿನಿಂದ ಎಣ್ಣೆ ಸಣ್ಣಗೆ ಹೊರಗೆ ಹರಿಯತೊಡಗಿದರೆ ನಿಲ್ಲಿಸಿ. ಹರಿದದ್ದು ತೊಟ್ಟಿಕ್ಕುವವರೆಗೆ ಕಾಯಿರಿ. ಆಮೇಲೆ ಮೇಲಿನ ಪ್ಲಗ್ ಮುಚ್ಚಿ. ಕೆಲವು ಗಾಡಿಗಳಲ್ಲಿ ಮಟ್ಟ ಅಂಚಿಗಿಂತ ಇಷ್ಟು ಕೆಳಗೆ ಇರಬೇಕು ಅಂತ ಹೇಳಿರುತ್ತಾರೆ, ಅದನ್ನು ನೋಡಿಕೊಳ್ಳಿ. ಎಷ್ಟು ಒಳಗೆ ಹೋಯಿತು ಅಂತಲೂ ಲೆಕ್ಕ ಹಾಕಿ. ಹೇಳಿದ್ದರ ಅರ್ಧಕ್ಕೇ ಎಣ್ಣೆ ಹೊರಗೆ ಬಂದರೆ ಗಾಡಿ ಮಟ್ಟವಾಗಿ ನಿಂತಿಲ್ಲ, ಇಲ್ಲವೇ ಹಳೇದು ಪೂರ್ತಿ ಇಳಿದಿಲ್ಲ.

ಹೌಸಿಂಗನ್ನು ಬ್ರೇಕ್ ಕ್ಲೀನರ್ ಹೊಡೆದು ಒಣ ಬಟ್ಟೆಯಲ್ಲಿ ಒರೆಸಿ. ಆಗಷ್ಟೇ ಹೊಸ ಸೋರಿಕೆ ಕಣ್ಣಿಗೆ ಬೀಳುತ್ತದೆ. ಕ್ಲಚ್ ಪ್ಲೇಟ್ ಎಲ್‌ಎಸ್‌ಡಿ ಇದ್ದರೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಹತ್ತು ಸುತ್ತು ಓಡಿಸಿ. ಎಡಕ್ಕೂ ಬಲಕ್ಕೂ ತಿರುಗುವಾಗ ಪ್ಲೇಟುಗಳ ನಡುವೆ ಹೊಸ ಎಣ್ಣೆ ಸೇರುತ್ತದೆ.

ಹಳೇ ಎಣ್ಣೆಯನ್ನು ಮೋರಿಗೋ ಮಣ್ಣಿಗೋ ಸುರಿಯಬೇಡಿ. ಹೊಸ ಎಣ್ಣೆಯ ಖಾಲಿ ಡಬ್ಬಕ್ಕೇ ತುಂಬಿ, ಬಳಸಿದ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಕೆಳಗೆ ಬಗ್ಗಿ, ಟಾರ್ಚ್ ಹಾಕಿ, ಎರಡೂ ಪ್ಲಗ್ಗಿನ ಸುತ್ತ ಟಿಶ್ಯೂ ಒತ್ತಿ ನೋಡಿ. ಒಣಗಿದ್ದರೆ ಕೆಲಸ ಮುಗಿಯಿತು.