ಹಳೆಯ ನಗರಭಾಗದ ಓಣಿಗಳಲ್ಲಿ ಸಾಮೂಹಿಕ ಕಸ ಸಂಗ್ರಹ: ನನ್ನ ಅನುಭವ

ಪಾರಂಪರಿಕ ಪ್ರದೇಶವೊಂದರ ಕಸ ಸಂಗ್ರಹದ ಹೊಣೆ ನನಗೆ ಬಂದಾಗ ಎಲ್ಲರ ದೂರೂ ಒಂದೇ ಆಗಿತ್ತು: ತೊಟ್ಟಿಗಳು ಸಾಲುತ್ತಿಲ್ಲ, ಇನ್ನಷ್ಟು ಇಡಿಸಿ. ನಾನೂ ಅದನ್ನೇ ನಂಬಿ ಕೆಲವು ಕಡೆ ಹೊಸ ತೊಟ್ಟಿಗಳನ್ನು ಇಡಿಸಿದೆ. ಅವೂ ಹಳೆಯವುಗಳಂತೆಯೇ ತುಂಬಿ ಚೆಲ್ಲಿದವು. ಆಮೇಲೆ ನಾನು ಮತ್ತು ನನ್ನ ಸಹೋದ್ಯೋಗಿ ಎರಡು ವಾರಗಳ ಕಾಲ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪ್ರತಿಯೊಂದು ತೊಟ್ಟಿಯ ಮುಚ್ಚಳ ತೆರೆದು, ಒಳಗೆ ಏನಿದೆ, ಎಷ್ಟು ತುಂಬಿದೆ, ಹೊರಗೆ ಏನು ಬಿದ್ದಿದೆ ಎಂಬುದನ್ನು ಬರೆದುಕೊಂಡೆವು. ಈ ಕೆಲಸವನ್ನು ಬೇರೆಯವರಿಗೆ ವಹಿಸಬಾರದೆಂದು ನಾನು ದೃಢವಾಗಿ ಹೇಳುತ್ತೇನೆ, ಏಕೆಂದರೆ ಮುಂದೆ ನಾವು ತೆಗೆದುಕೊಂಡ ಸರಿಯಾದ ನಿರ್ಧಾರಗಳೆಲ್ಲವೂ ಆ ಎರಡು ವಾರಗಳ ಬರಹದಿಂದಲೇ ಹುಟ್ಟಿದವು.

ಮೊದಲಿಗೆ ಕಂಡದ್ದು ರಟ್ಟಿನ ಪೆಟ್ಟಿಗೆಗಳು. ಮಡಚದೆ ಹಾಕಿದ ನಾಲ್ಕೈದು ದೊಡ್ಡ ಪೆಟ್ಟಿಗೆಗಳು 1,100 ಲೀಟರಿನ ತೊಟ್ಟಿಯ ಬಾಯನ್ನೇ ಮುಚ್ಚಿಬಿಡುತ್ತಿದ್ದವು. ಅವುಗಳ ಅಡಿಯಲ್ಲಿ ತೊಟ್ಟಿ ಮುಕ್ಕಾಲು ಪಾಲು ಖಾಲಿಯಾಗಿಯೇ ಇರುತ್ತಿತ್ತು. ಆಮೇಲೆ ಬಂದವರು ತಮ್ಮ ಚೀಲವನ್ನು ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದರು, ಒಂದು ಚೀಲ ಕಂಡಲ್ಲಿ ಬೆಳಗಾಗುವಷ್ಟರಲ್ಲಿ ಹತ್ತು ಚೀಲಗಳು ಸೇರುತ್ತಿದ್ದವು. ರಟ್ಟಿಗೆಂದೇ ಅಗಲವಾದ, ಎತ್ತರ ಕಡಿಮೆಯಿರುವ ಸೀಳುಬಾಯಿಯ ತೊಟ್ಟಿಯನ್ನು ಇಟ್ಟಾಗ ಜನರು ಪೆಟ್ಟಿಗೆಯನ್ನು ಮಡಚಿಯೇ ಹಾಕಬೇಕಾಯಿತು. ಬಾಟಲಿಗಳ ತೊಟ್ಟಿಗೆ ದುಂಡನೆಯ ಕಿಂಡಿ ಮಾತ್ರ ಬಿಟ್ಟೆವು. ಯಾವ ತೊಟ್ಟಿಗೆ ಯಾವ ಕಸ ಎಂಬುದನ್ನು ಗೋಡೆಯ ಮೇಲಿನ ಫಲಕಕ್ಕಿಂತ ಆ ಕಿಂಡಿಯ ಆಕಾರವೇ ಚೆನ್ನಾಗಿ ತಿಳಿಸಿತು.

ಎರಡನೆಯ ತೊಡಕು ಅಳತೆಯದು. ಕಸದ ಲಾರಿಯ ಅಗಲ ಸುಮಾರು ಎರಡೂವರೆ ಮೀಟರ್. ನಮ್ಮ ಬಹುಪಾಲು ಓಣಿಗಳು ಅಷ್ಟು ಅಗಲವೇ ಇಲ್ಲ. ಆದ್ದರಿಂದ ಹಿಂದಿನವರು ದೊಡ್ಡ ತೊಟ್ಟಿಗಳನ್ನೆಲ್ಲ ಓಣಿಯ ಬಾಯಲ್ಲಿ ಗುಂಪಾಗಿ ಇಡಿಸಿದ್ದರು. ಇದರಿಂದ ಓಣಿಯ ಮೊದಲ ಮನೆಯವರು ಎಲ್ಲರ ಕಸದ ವಾಸನೆಯನ್ನು ಸಹಿಸಬೇಕಾಗಿತ್ತು, ಕೊನೆಯ ಮನೆಯ ವೃದ್ಧರು ಅಷ್ಟು ದೂರ ಹೊತ್ತು ಬರಲಾರದೆ ದಾರಿಯಲ್ಲೇ ಇಳಿಸುತ್ತಿದ್ದರು. ದೊಡ್ಡ ತೊಟ್ಟಿಯನ್ನು ಒಳಗೆ ಒಯ್ಯೋಣವೆಂದರೆ ಅದರ ಪುಟ್ಟ ಚಕ್ರಗಳು ಕಲ್ಲುಹಾಸಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಸುಮಾರು 58 ಸೆಂಟಿಮೀಟರ್ ಅಗಲದ, ಎರಡು ಚಕ್ರಗಳ 240 ಲೀಟರಿನ ಡಬ್ಬಿಗಳಿಗೆ ಬದಲಾದೆವು. ಒಬ್ಬರೇ ವಾಲಿಸಿ ಎಳೆದುಕೊಂಡು ಹೋಗಬಹುದು. ಆದರೆ ಇಲ್ಲಿಯೂ ಒಂದು ತಪ್ಪು ಮಾಡಿದೆ. ಹಸಿ ಕಸ ಲೀಟರಿಗೆ ಅರ್ಧ ಕಿಲೋ ತೂಗುವುದು ಸಾಮಾನ್ಯ, ಅಂದರೆ ತುಂಬಿದ 240 ಲೀಟರಿನ ಡಬ್ಬಿ ನೂರು ಕಿಲೋ ದಾಟುತ್ತದೆ. ಇಳಿಜಾರಿನಲ್ಲಿ ಅದು ಅಪಾಯಕಾರಿ. ಪೌರಕಾರ್ಮಿಕರೊಬ್ಬರ ಮಣಿಕಟ್ಟು ಉಳುಕಿದ ಮೇಲೆ ನನಗೆ ಇದು ಅರ್ಥವಾಯಿತು. ಆ ನೋವಿಗೆ ನನ್ನ ಆತುರವೇ ಕಾರಣವೆಂದು ಇಂದಿಗೂ ಬೇಸರವಿದೆ. ಹಸಿ ಕಸಕ್ಕೆ 120 ಲೀಟರಿನ ಡಬ್ಬಿಗಳನ್ನು ತಂದು, ದೊಡ್ಡವನ್ನು ಹಗುರವಾದ ಒಣ ಕಸಕ್ಕೆ ಉಳಿಸಿಕೊಂಡೆವು.

ಅಂದಿನಿಂದ ಯಾವುದೇ ಡಬ್ಬಿಯ ಜಾಗ ಗೊತ್ತುಮಾಡುವ ಮೊದಲು ಅದನ್ನು ಎಳೆಯುವವರನ್ನು ಕರೆದುಕೊಂಡು ಹೋಗಿ ಕೇಳುತ್ತೇನೆ. ಡಬ್ಬಿಯ ಹಿಡಿ ಗೋಡೆಯ ಕಡೆಗಿದ್ದರೆ ಪ್ರತಿ ಸಲವೂ ಅದನ್ನು ಪೂರ್ತಿ ತಿರುಗಿಸಬೇಕಾಗುತ್ತದೆ, ಒಂದು ಸರದಿಯಲ್ಲಿ ಇಂಥ ನೂರಾರು ತಿರುವುಗಳು ಸೇರುತ್ತವೆ ಎಂಬುದನ್ನು ಯಾವ ನಕ್ಷೆಯೂ ನನಗೆ ತೋರಿಸಿರಲಿಲ್ಲ.

ನೆಲದಡಿಯ ತೊಟ್ಟಿಗಳ ಸಲಹೆಯೂ ಬಂದಿತ್ತು. ನೋಡಲು ಅವು ಅಂದವೇ. ಆದರೆ ಸುಮಾರು ಮೂರು ಮೀಟರ್ ಆಳದ ಗುಂಡಿ ತೋಡಿದರೆ ಹಳೆಯ ಚರಂಡಿ, ಆಳವಿಲ್ಲದ ಅಡಿಪಾಯ, ಕೆಲವೊಮ್ಮೆ ಪುರಾತತ್ವದ ಪದರಗಳೂ ಎದುರಾಗುತ್ತವೆ. ಮೇಲೆತ್ತುವ ಕ್ರೇನಿಗೆ ಮೇಲೆ ಬಾಲ್ಕನಿ ಮತ್ತು ತಂತಿಗಳಿಲ್ಲದ ಬಯಲು ಬೇಕು. ನಾರ್ವೆಯ ಬರ್ಗೆನ್ ನಗರದ ಹಳೆಯ ಮಧ್ಯಭಾಗದಲ್ಲಿ 2015ರಿಂದ ಕಸವನ್ನು ನೆಲದಡಿಯ ಕೊಳವೆಗಳ ಮೂಲಕ ಗಾಳಿಯ ಸೆಳೆತದಿಂದ ಸಾಗಿಸುತ್ತಿದ್ದಾರೆ. ರಸ್ತೆಗಳನ್ನು ಅಷ್ಟು ಉದ್ದಕ್ಕೆ ಅಗೆಯುವ ಅವಕಾಶ ಇಲ್ಲದ ನಮಗೆ ವೆನಿಸ್‌ನ ಪದ್ಧತಿಯೇ ಹತ್ತಿರದ್ದೆನಿಸಿತು: ಅಲ್ಲಿ ಕೆಲಸಗಾರರು ಬೆಳಿಗ್ಗೆ ತಳ್ಳುಗಾಡಿಯೊಂದಿಗೆ ಬಾಗಿಲಿಗೆ ಬರುತ್ತಾರೆ, ಬೇಕಾದವರು ನಿಗದಿತ ವೇಳೆಯಲ್ಲಿ ತಾವೇ ಕಸವನ್ನು ದೋಣಿಗೆ ಒಯ್ದು ಕೊಡುತ್ತಾರೆ. ಇದರಿಂದ ಚೀಲಗಳು ರಾತ್ರಿಯಿಡೀ ಓಣಿಯಲ್ಲಿ ಬಿದ್ದಿರುವುದು ತಪ್ಪುತ್ತದೆ. ಕಸ ಹೊರಗೆ ಕಳೆಯುವ ಗಂಟೆಗಳನ್ನು ಕಡಿಮೆ ಮಾಡಬೇಕೆಂಬ ಈ ತತ್ವವನ್ನು ಎರವಲು ಪಡೆದು, ಹಸಿ ಕಸದ ಡಬ್ಬಿಗಳನ್ನು ರಾತ್ರಿ ಅಂಗಳದೊಳಗೆ ಇರಿಸಿ, ಬೆಳಿಗ್ಗೆ ಗಾಡಿ ಬರುವ ಮುನ್ನ ಹೊರತರುವ ವ್ಯವಸ್ಥೆ ಮಾಡಿದೆವು.

ಹಳೆಯ ಗೋಡೆಗಳಿಗೂ ಇದರಿಂದ ಒಳ್ಳೆಯದಾಯಿತು. ಸೋರಿದ ಕಸದ ನೀರನ್ನು ಸುಣ್ಣದ ಗಾರೆ ಹೀರಿಕೊಳ್ಳುತ್ತದೆ. ನೀರು ಆರಿದ ಮೇಲೆ ಅದರೊಳಗಿನ ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ತೊಟ್ಟಿಗಳ ಹಿಂದಿನ ಗೋಡೆ ಮಾತ್ರ ಸೊಂಟದೆತ್ತರದವರೆಗೆ ಉದುರುತ್ತಿದ್ದುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗದು.

ಅಂದಕ್ಕಾಗಿ ಮಾಡಿದ ಇನ್ನೊಂದು ಪ್ರಯತ್ನ ವಿಫಲವಾಯಿತು. ತೊಟ್ಟಿಗಳು ಕಣ್ಣಿಗೆ ಬೀಳದಿರಲೆಂದು ಮರದ ಮರೆ ಕಟ್ಟಿಸಿದ್ದೆವು. ಮರೆಯ ಹಿಂದೆ ಹಳೆಯ ಹಾಸಿಗೆ, ಮುರಿದ ಕುರ್ಚಿ ಬಂದು ಬಿದ್ದವು. ಕಸದೊಳಗೆ ಎಸೆದ ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಲ್ಲದು, ಮರದ ಬಾಗಿಲುಗಳ ನಡುವೆ ಅದು ಎಲ್ಲಿಗೆ ಹಬ್ಬೀತೆಂದು ನೆನೆದೇ ನಾನು ಮರೆಗಳನ್ನು ತೆಗೆಸಿದೆ. ಬ್ಯಾಟರಿಗಳಿಗೆ ಪ್ರತ್ಯೇಕ ಲೋಹದ ಡಬ್ಬಿ ಇಟ್ಟೆವು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಡಬ್ಬಿಗೆ ವಾರಸುದಾರರನ್ನು ಕೊಟ್ಟದ್ದು. ಎಲ್ಲರದಾದ ತೊಟ್ಟಿ ಯಾರದೂ ಆಗಿರಲಿಲ್ಲ. ಒಂದು ಅಂಗಳವನ್ನು ಹಂಚಿಕೊಳ್ಳುವ ಮನೆಗಳಿಗೆ ಒಂದು ಜೊತೆ ಡಬ್ಬಿಗಳನ್ನು ಗೊತ್ತುಮಾಡಿ, ಮುಚ್ಚಳದ ಮೇಲೆ ಓಣಿಯ ಹೆಸರನ್ನು ಬರೆಸಿದೆವು. ಬೀಗವನ್ನೂ ಹಾಕಿ ನೋಡಿದೆವು. ಕೀಲಿ ಮರೆತವರು ಚೀಲವನ್ನು ಮುಚ್ಚಳದ ಮೇಲೆಯೇ ಇಟ್ಟು ಹೋದುದರಿಂದ ಅದನ್ನು ತೆಗೆದೆವು, ಹೆಸರನ್ನು ಉಳಿಸಿದೆವು. ಹಸಿ ಕಸ ತಗಲಿ ಒದ್ದೆಯಾದ ಕಾಗದವನ್ನು ಮರುಬಳಕೆಯವರು ತಿರಸ್ಕರಿಸಿದಾಗ ಅದು ಯಾವ ಅಂಗಳದಿಂದ ಬಂದದ್ದೆಂದು ಈಗ ತಿಳಿಯುತ್ತದೆ, ಅಲ್ಲಿಗೇ ಹೋಗಿ ಮಾತನಾಡುತ್ತೇವೆ. ಮನೆ ಬದಲಿಸಿ ಹೊಸಬರು ಬಂದಾಗ ಅವರಿಗೆ ಡಬ್ಬಿಗಳನ್ನು ತೋರಿಸಿ ಹೇಳುವುದನ್ನು ಅಂಗಳದವರೇ ಮಾಡುತ್ತಿದ್ದಾರೆ.

ಮೆಟ್ಟಿಲುಗಳೇ ತುಂಬಿದ ಎರಡು ಓಣಿಗಳಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಅಲ್ಲಿ ಯಾವ ಚಕ್ರವೂ ನಡೆಯದು. ಸದ್ಯಕ್ಕೆ ಬೆನ್ನಿಗೆ ಹೊರುವ ಗಟ್ಟಿ ಚೀಲಗಳಲ್ಲಿ ಕಡಿಮೆ ತೂಕವನ್ನು ಹೆಚ್ಚು ಸಲ ಇಳಿಸುತ್ತಿದ್ದೇವೆ, ಪ್ರತಿ ಚೀಲವನ್ನೂ ತೂಗಿ ಬರೆದಿಡುತ್ತಿದ್ದೇವೆ.