ಓಮ್ನಿಯಲ್ಲಿ ಪಾಸಾದರೆ ಮಾತ್ರ: ತಿಂಗಳಿಗೊಂದು ಮಿಕ್ಸ್ ಮಾಡಿದ ನನ್ನ ಅನುಭವ

"ರೈಟ್ರೇ, ಜುಲೈದು ಬಂತಾ?" ಅಂತ ಹೋದ ವಾರ ಪಿಕಪ್ ಡ್ರೈವರ್ ಒಬ್ಬರು ತಾವಾಗಿಯೇ ಕೇಳಿದರು. ಇದೇ ಮನುಷ್ಯ 2020ರಲ್ಲಿ ನಾನು ಕೊಟ್ಟ ಪೆನ್‌ಡ್ರೈವ್‌ನಲ್ಲಿದ್ದ ಹಾಡನ್ನೆಲ್ಲ ಅಳಿಸಿ, ಅದರಲ್ಲಿ ಸಿನಿಮಾ ಹಾಡು ತುಂಬಿಸಿಕೊಂಡು, "ಪೆನ್‌ಡ್ರೈವ್ ಒಳ್ಳೇದಿದೆ, ಥ್ಯಾಂಕ್ಸ್" ಅಂದಿದ್ದರು. ಅವರು ಕೇಳಿದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ನಾನು ಸೋಮವಾರಪೇಟೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಬರೆಯೋದು ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪಟ್ಟಿ, ಕತೆ ಅಲ್ಲ. 2019ರ ಮಳೆಗಾಲದಿಂದ ಆರಿಸಿದ ಹಾಡುಗಳನ್ನು ಜೋಡಿಸಿ ತಿಂಗಳಿಗೊಂದು ಮಿಕ್ಸ್ ಮಾಡಿ ಹಂಚುತ್ತಿದ್ದೇನೆ. ಸಿನಿಮಾ ಹಾಡು ಒಂದೂ ಇಲ್ಲ. ಸಣ್ಣ ಬ್ಯಾಂಡುಗಳು, ಮನೆಯಲ್ಲೇ ಕೂತು ರೆಕಾರ್ಡ್ ಮಾಡಿದವರು, ಕನ್ನಡ ರ‍್ಯಾಪ್, ಕೊಡವ ತಕ್ಕ್ ಭಾಷೆಯಲ್ಲಿ ಹಾಡುವ ಹೊಸ ಹುಡುಗರು, ಸಹಾರಾ ಕಡೆಯ ಗಿಟಾರ್, ಹೀಗೆ ಒಂದಕ್ಕೊಂದು ಸಂಬಂಧ ಇಲ್ಲದ್ದು. ನಮ್ಮ ಕಡೆ ಸಿನಿಮಾ ಬಿಟ್ಟು ಬೇರೆ ಹಾಡು ಅಂದರೆ ರಘು ದೀಕ್ಷಿತ್, ತಪ್ಪಿದರೆ ಸ್ವರಾತ್ಮ, ಅಲ್ಲಿಗೆ ಮುಗೀತು. ಅದರಾಚೆ ಯಾರು ಕೇಳ್ತಾರೆ ಮಾರಾಯ, ಮೊಬೈಲಲ್ಲಿ ಎಲ್ಲಾ ಸಿಗುವಾಗ ಪೆನ್‌ಡ್ರೈವ್ ಯಾಕೆ ಅಂತ ಎಲ್ಲರೂ ನಕ್ಕರು. ತೋಟದಲ್ಲಿ ಜುಲೈ ತಿಂಗಳಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಕ್ಕವರಿಗೂ ಗೊತ್ತಿತ್ತು, ಆದರೂ ನಕ್ಕರು.

ಮೊದಲ ಒಂದೂವರೆ ವರ್ಷ ಎಲ್ಲವೂ ತೋಪು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಕೆಲಸ ಕಲಿತದ್ದು ಅಲ್ಲೇ.

ಶುರು ಮಾಡಿದ್ದು ಸೀಡಿಯಲ್ಲಿ. 80 ನಿಮಿಷದ ಸೀಡಿ ಖಾಲಿ ಬಿಡಬಾರದು ಅಂತ 20 ಹಾಡು ತುರುಕುತ್ತಿದ್ದೆ. ಮಾದಾಪುರ ರಸ್ತೆಯ ಗುಂಡಿಗೆ ಪ್ಲೇಯರ್ ಎಗರಿ ಎಗರಿ, ಐದನೇ ಹಾಡಿನಿಂದ ಒಂಬತ್ತಕ್ಕೆ ಹಾರಿಬಿಡುತ್ತಿತ್ತು. ಆಗಸ್ಟ್ ಮುಗಿಯುವ ಹೊತ್ತಿಗೆ ಉಳಿದ ಸೀಡಿಗಳ ಮೇಲೆ ಬಿಳಿ ಬೂಷ್ಟು. ಅಪ್ಪನ ಕಾಲದ ಕ್ಯಾಸೆಟ್ಟುಗಳಿಗೆ ಆದದ್ದೇ ಇದಕ್ಕೂ ಆಯಿತು. ನಾವು ಅಕ್ಕಿ ಡಬ್ಬದಲ್ಲಿ ಇಟ್ಟು ನೋಡಿದೆವು, ಅಟ್ಟದ ಮೇಲೆ ಹೊಗೆ ತಾಗುವ ಹಾಗೆ ಇಟ್ಟು ನೋಡಿದೆವು. ಹೊಗೆಯಿಂದ ಬೂಷ್ಟು ಬರಲಿಲ್ಲ, ಆದರೆ ಸೀಡಿ ಹಂದಿ ಮಾಂಸದ ವಾಸನೆ ಹೊಡೆಯಿತು.

ಆಮೇಲೆ ಪೆನ್‌ಡ್ರೈವ್. ಮೈಸೂರಿಗೆ ಹೋದಾಗ ಅಂಗಡಿಯೊಂದರಲ್ಲಿ 32 ಜಿಬಿಯದ್ದು 150 ರೂಪಾಯಿಗೆ ಸಿಕ್ಕಿತು ಅಂತ ಖುಷಿಯಲ್ಲಿ ಹನ್ನೆರಡು ತಂದೆ. ಎರಡು ತಿಂಗಳು ಚೆನ್ನಾಗೇ ಇತ್ತು. ಹಳೇ ಮಿಕ್ಸೂ ಇರಲಿ ಅಂತ ಎಲ್ಲ ತುಂಬಿಸಿದ ಮೇಲೆ ಅರ್ಧ ಹಾಡು ಕರಕರ, ಅರ್ಧ ಸದ್ದೇ ಇಲ್ಲ. ಪೂರ್ತಿ ತುಂಬಿಸಿ ವಾಪಸ್ ಓದಿಸಿ ನೋಡಿದರೆ ಒಳಗೆ ಇದ್ದದ್ದು ಸುಮಾರು 4 ಜಿಬಿ, 32 ಅಂತ ಸುಳ್ಳು ತೋರಿಸುವುದು. ಹದಿನೆಂಟುನೂರು ರೂಪಾಯಿ ನೀರಿಗೆ. ಈಗ ಬಿಲ್ ಇಲ್ಲದೆ ತರೋದಿಲ್ಲ, ತಂದ ದಿನವೇ ಪೂರ್ತಿ ತುಂಬಿಸಿ ಪರೀಕ್ಷೆ ಮಾಡುತ್ತೇನೆ. 8 ಜಿಬಿ ಧಾರಾಳ ಸಾಕು. ಒಳ್ಳೇ ಗುಣಮಟ್ಟದ 320 ಕೆಬಿಪಿಎಸ್‌ನಲ್ಲಿ ಎಂಪಿ3 ಮಾಡಿದರೂ ನನ್ನ ಒಂದು ಮಿಕ್ಸ್ 130 ಎಂಬಿ ದಾಟೋಲ್ಲ. 64 ಜಿಬಿಯದ್ದು ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ನಲ್ಲಿ ಬರುತ್ತದೆ, ನಮ್ಮ ಕಡೆ ಗಾಡಿಗಳಲ್ಲಿರುವ ಹಳೇ ಸ್ಟೀರಿಯೋಗಳಿಗೆ ಅದು ಕಾಣೋದೇ ಇಲ್ಲ, ಫ್ಯಾಟ್32 ಬೇಕು.

ಮತ್ತೆ ಹಾಡಿನ ಕ್ರಮ. ಎಷ್ಟು ತಲೆ ಕೆಡಿಸಿಕೊಂಡು ಜೋಡಿಸಿದ್ದೆ ಗೊತ್ತಾ? ಮೊದಲ ಹಾಡು ಆದಮೇಲೆ ಯಾವುದು, ಎಲ್ಲಿ ಇಳಿಸಬೇಕು, ಎಲ್ಲಿ ಏರಿಸಬೇಕು ಅಂತ ವಾರಗಟ್ಟಲೆ ಕೂತಿದ್ದೆ. ಗಾಡಿಗೆ ಹಾಕಿದರೆ ಏಳನೇದು ಮೊದಲು ಬಂತು. 01, 02 ಅಂತ ಹೆಸರಿಟ್ಟರೂ ಆ ಸ್ಟೀರಿಯೋಗಳು ಹೆಸರು ನೋಡೋದಿಲ್ಲ, ಯಾವುದು ಮೊದಲು ಕಾಪಿಯಾಯಿತೋ ಅದನ್ನೇ ಮೊದಲು ಹಾಡುತ್ತವೆ. ಫಾರ್ಮ್ಯಾಟ್ ಮಾಡಿ ಒಂದೊಂದೇ ಕಾಪಿ ಮಾಡಿದರೆ ಸರಿಹೋಗುತ್ತದೆ. ಹದಿನೈದು ಪೆನ್‌ಡ್ರೈವ್‌ಗೆ ಹಾಗೆ ಮಾಡಿದರೆ ರಾತ್ರಿ ಹನ್ನೊಂದಾಗುತ್ತದೆ, ಹಾಗಾಗಿ ಈಗ ಫೈಲುಗಳ ಕ್ರಮ ಸರಿಮಾಡುವ ಫ್ಯಾಟ್‌ಸಾರ್ಟ್ ಅನ್ನೋ ಪ್ರೋಗ್ರಾಂ ಓಡಿಸುತ್ತೇನೆ. ಎಲ್ಲ ಸೇರಿಸಿ ಒಂದೇ ಉದ್ದದ ಫೈಲ್ ಮಾಡಿಯೂ ನೋಡಿದೆ. ಗಾಡಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿಂದ. ಒಬ್ಬರು ಒಂದು ತಿಂಗಳು ಪೂರ್ತಿ ಮೊದಲ ಮೂರು ಹಾಡು ಮಾತ್ರ ಕೇಳಿದ್ದಾರೆ, ಪಾಪ.

ಸದ್ದಿನ ವಿಷಯದಲ್ಲಿ ಮಾನ ಹೋದದ್ದು ಬೇರೆ. ಸದ್ದು ತಿದ್ದುವ ಅಡಾಸಿಟಿ ಸಾಫ್ಟ್‌ವೇರ್‌ನಲ್ಲಿ, ಎಲ್ಲಾ ಹಾಡಿನ ಸದ್ದು ಒಂದೇ ಮಟ್ಟಕ್ಕೆ ತರುವ ಲೌಡ್‌ನೆಸ್ ನಾರ್ಮಲೈಸ್ ಕೊಟ್ಟಾಗ ತಾನಾಗಿ ಇರೋದು ಮೈನಸ್ 23 ಎಲ್‌ಯುಎಫ್‌ಎಸ್; ಸೊನ್ನೆಗೆ ಹತ್ತಿರ ಬಂದಷ್ಟೂ ಸದ್ದು ಜೋರು. ನಾನು ಸುಮ್ನೆ ಓಕೆ ಒತ್ತಿದೆ. ಹೆಡ್‌ಫೋನಿನಲ್ಲಿ ಸೊಗಸಾಗಿತ್ತು. ಮಾರುತಿ ಓಮ್ನಿ ವ್ಯಾನಿನಲ್ಲಿ ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಯಾರೋ ಪಕ್ಕದ ಲೈನ್‌ಮನೆಯಲ್ಲಿ ಹಾಡುತ್ತಿದ್ದ ಹಾಗೆ. ಹಾಗೇ ರೇಡಿಯೋಗೆ ತಿರುಗಿಸಿದರೆ ಮಡಿಕೇರಿ ಆಕಾಶವಾಣಿ ಕಿವಿ ಹರಿಯುವ ಹಾಗೆ ಕೂಗಿತು, ಹಿಂದೆ ಕೂತಿದ್ದ ಅತ್ತೆ ಬೆಚ್ಚಿಬಿದ್ದರು.

ಅಲ್ಲಿಂದಲೇ ಬುದ್ಧಿ ಬಂದದ್ದು. ಓಮ್ನಿಯಲ್ಲಿ ಇಂಜಿನ್ ಇರೋದು ನಮ್ಮ ಸೀಟಿನ ಅಡಿಯಲ್ಲೇ. ಮಕ್ಕಂದೂರು ಏರಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಹಾಡಿನ ಬೇಸ್ ಪೂರ್ತಿ ಮಾಯ, ಇಂಜಿನ್ನೇ ಬೇಸ್. ಮೇಲೆ ತಗಡಿಗೆ ಮಳೆ ಹೊಡೆದರೆ ಸಿಂಬಲ್, ತಂಬೂರಿ ಎಲ್ಲ ಹೋಯಿತು. ಉಳಿಯೋದು ನಡುವಿನದ್ದು ಮಾತ್ರ: ಗಂಟಲು, ಗಿಟಾರ್, ಕೈ ಚಪ್ಪಾಳೆ. ನಾನು ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಆರಿಸುತ್ತಿದ್ದೆ, ಜನ ಕೇಳುತ್ತಿದ್ದದ್ದು ಇಂಥ ಜಾಗದಲ್ಲಿ. ಹಾಡು ಕೆಟ್ಟದ್ದಲ್ಲ, ಆರಿಸಿದ ಜಾಗ ತಪ್ಪು. 2021ರ ಜನವರಿಯಿಂದ ನಿಯಮ ಒಂದೇ: ಓಮ್ನಿಯಲ್ಲಿ ಪಾಸಾದರೆ ಮಾತ್ರ ಮಿಕ್ಸಿಗೆ.

ಈಗ ಹೀಗೆ ಮಾಡುತ್ತೇನೆ. ತಿಂಗಳ ಮೊದಲ ವಾರ ಅರವತ್ತು ಎಪ್ಪತ್ತು ಹಾಡು ಮೊಬೈಲಿಗೆ. ಚೆಕ್‌ರೋಲ್ ಬರೆಯುವಾಗ, ಕಾಫಿ ತೂಕಕ್ಕೆ ಕಾಯುವಾಗ, ಕಣದಲ್ಲಿ ಕಾವಲು ಕೂತಾಗ ಕೇಳೋದು. ಎರಡನೇ ವಾರಕ್ಕೆ ಇಪ್ಪತ್ತೈದಕ್ಕೆ ಇಳಿಯುತ್ತದೆ. ಮೂರನೇ ವಾರ ಆ ಇಪ್ಪತ್ತೈದು ಓಮ್ನಿಗೆ. ಕೆಲಸದ ಮೇಲೆ ಮಡಿಕೇರಿಗೆ ವಾರಕ್ಕೆ ಎರಡು ಸಲ ಹೋಗಲೇಬೇಕು, ಮಾದಾಪುರ, ಹಟ್ಟಿಹೊಳೆ ಮೇಲೆ ನಲವತ್ತು ಕಿಲೋಮೀಟರ್ ಚಿಲ್ಲರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮುಚ್ಚಿಹೋದ ರಸ್ತೆ ಇದೇ. ಈಗಲೂ ಆ ತಿರುವುಗಳಲ್ಲಿ ಮಳೆ ಜೋರಾದರೆ ಗಾಡಿಯೊಳಗೆ ಯಾರೂ ಮಾತಾಡೋಲ್ಲ. ಅಲ್ಲಿ ಯಾವ ಹಾಡಿಗೆ ಪಕ್ಕದವರು ಕಾಲು ಕುಣಿಸುತ್ತಾರೋ ಅದು ಪಾಸ್. ಮುಂದಿನದಕ್ಕೆ ಅಂತ ಬಟನ್‌ಗೆ ಕೈ ಹೋದರೆ ಫೇಲ್, ನನಗೆ ಎಷ್ಟೇ ಇಷ್ಟ ಇರಲಿ. ಕೊನೆಗೆ ಉಳಿಯೋದು ಹನ್ನೆರಡು ಹದಿಮೂರು, 50 ನಿಮಿಷದ ಆಸುಪಾಸು. ರಸ್ತೆ ಮುಗಿಯುವ ಮೊದಲು ಮಿಕ್ಸ್ ಮುಗಿಯಬೇಕು. 80 ನಿಮಿಷ ಮಾಡಿದಾಗ ಕೊನೆಯ ಹಾಡನ್ನು ಯಾರೂ ಕೇಳಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಸದ್ದು ಮೊದಲು ಮೈನಸ್ 14ಕ್ಕೆ ತಂದೆ. ಅದೂ ಓಮ್ನಿಗೆ ಸಾಲದು. ಮೈನಸ್ 11ಕ್ಕೆ ಏರಿಸಿದರೆ ಬರೀ ಗಿಟಾರಿನ ಹಾಡುಗಳು, ಸದ್ದು ಮಿತಿ ಮೀರದ ಹಾಗೆ ಒತ್ತುವ ಲಿಮಿಟರ್‌ಗೆ ಸಿಕ್ಕಿ ಅಪ್ಪಚ್ಚಿ. ಈಗ ಎಲ್ಲಾ ಹಾಡಿಗೂ ಒಂದೇ ಅಳತೆ ಹಿಡಿಯೋಲ್ಲ. ಯಾವುದಕ್ಕೆ ಎಷ್ಟು ಅನ್ನೋದನ್ನು ಹೇಳೋಲ್ಲ, ಅದಕ್ಕೆ ಎರಡು ವರ್ಷ ತಗೊಂಡಿದ್ದೇನೆ. ಮೂರನೇ ಹಾಡನ್ನು ಹೇಗೆ ಆರಿಸುತ್ತೇನೆ ಅನ್ನೋದೂ ನನ್ನಲ್ಲೇ ಇರಲಿ. ಮೊದಲ ಎರಡಕ್ಕೆ ಯಾರೂ ಬಿಟ್ಟುಹೋಗೋಲ್ಲ, ಮೂರನೇದರಲ್ಲೇ ಹೋಗೋದು, ಅಷ್ಟು ಮಾತ್ರ ಹೇಳುತ್ತೇನೆ.

ದುಡ್ಡು. ಹಾಡು ಕೊಂಡೇ ಹಾಕುತ್ತೇನೆ, ಇಲ್ಲಾ ಅವರೇ ಫ್ರೀ ಅಂತ ಬಿಟ್ಟದ್ದನ್ನು. ಹಂಚೋದಕ್ಕೆ ಮೊದಲು ಒಂದು ಮೆಸೇಜ್ ಹಾಕಿ ಕೇಳುತ್ತೇನೆ, ಹದಿನೈದೇ ಜನಕ್ಕೆ, ಮಾರೋದಿಲ್ಲ ಅಂತ. ಸಣ್ಣವರು ಖುಷಿಯಿಂದ ಹೂಂ ಅನ್ನುತ್ತಾರೆ. ಹಾಡುಗಾರರೇ ತಮ್ಮ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟಿನಲ್ಲಿ ಒಂದು ಹಾಡು ಒಂದು ಡಾಲರ್ ಅಂತ ಇಟ್ಟುಕೊಳ್ಳಿ. ಶುರುವಿನಲ್ಲಿ ಡಾಲರ್ 70 ಇತ್ತು, ಈಗ 85 ದಾಟಿದೆ, ಮೇಲೆ ಬ್ಯಾಂಕಿನವರ ಮೂರೋ ಮೂರೂವರೆಯೋ ಪರ್ಸೆಂಟ್. ತಿಂಗಳಿಗೆ 600 ಅಂತ ಗೆರೆ ಹಾಕಿದ್ದೇನೆ, ಕೊಯ್ಲಿನ ತಿಂಗಳು ಬೋನಸ್ ಬಂದರೆ ಗೆರೆ ದಾಟುತ್ತದೆ. ಪೆನ್‌ಡ್ರೈವ್ ಎಲ್ಲ ಸೇರಿ ಇಷ್ಟು ವರ್ಷಕ್ಕೆ ನಲವತ್ತೈದು ಸಾವಿರ ಆಗಿರಬಹುದು. ಮನೆಯಲ್ಲಿ ಮೂವತ್ತು ಅಂತ ಹೇಳಿದ್ದೇನೆ.

ಬ್ಯಾಂಡ್‌ಕ್ಯಾಂಪ್‌ನವರು 2020ರ ಮಾರ್ಚಿನಲ್ಲಿ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಶುರು ಮಾಡಿದರು, ವರ್ಷದಲ್ಲಿ ಕೆಲವು ಶುಕ್ರವಾರ ಮಾತ್ರ, ಆ ದಿನ ತಮ್ಮ ಪಾಲನ್ನು ಬಿಡುತ್ತಾರೆ. ಬೇರೆ ದಿನ ನೂರಕ್ಕೆ ಹದಿನೈದು ಹಿಡಿಯುತ್ತಾರೆ. ನಾನು ಎರಡು ಸಲ ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಎದ್ದು ಎಲ್ಲಾ ಕೊಂಡು, ಹಾಡುಗಾರರಿಗೆ ಪೂರ್ತಿ ಸೇರಿತು ಅಂತ ಬೀಗಿದ್ದೆ. ಅವರ ಲೆಕ್ಕ ಕ್ಯಾಲಿಫೋರ್ನಿಯಾದ ಗಡಿಯಾರದ್ದು. ನಮ್ಮ ಬೆಳಿಗ್ಗೆ ಎಂಟಕ್ಕೆ ಅಲ್ಲಿ ಇನ್ನೂ ಗುರುವಾರ! ಮಧ್ಯಾಹ್ನ ಊಟ ಮಾಡಿ ಎರಡು ಗಂಟೆ ಮೇಲೆ ಕೊಳ್ಳಿ. ಕಾರ್ಡಿನಲ್ಲಿ ವಿದೇಶಿ ಪಾವತಿ ಆನ್ ಮಾಡಿಟ್ಟುಕೊಳ್ಳಿ, ಅದು ತಾನಾಗಿ ಆನ್ ಇರೋಲ್ಲ. ಇದನ್ನು ಹೇಳದೆ ನನ್ನ ಬ್ಯಾಂಕಿನವರು ಮೂರು ಸಲ ಓಡಾಡಿಸಿದರು.

ಮಧ್ಯೆ ಒಂದಿಷ್ಟು ಹುಚ್ಚಾಟ. ಹಾಡುಗಳ ನಡುವೆ ನಮ್ಮೂರ ಮಳೆ ಸದ್ದು ಸೇರಿಸೋಣ ಅಂತ, ಗೋದಾಮಿನ ತಗಡಿನ ಕೆಳಗೆ ಮೊಬೈಲ್ ಇಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡಿದೆ. ಕಡಿಮೆ ಗುಣಮಟ್ಟದ 128ರಲ್ಲಿ ಎಂಪಿ3 ಮಾಡಿದರೆ ಹಪ್ಪಳ ಕರಿದ ಹಾಗೆ ಕೇಳಿಸಿತು. ಒಬ್ಬರು ಸ್ಪೀಕರ್ ಕೆಟ್ಟಿತು ಅಂತ ಬಿಚ್ಚಿಸಿ, ಮೆಕ್ಯಾನಿಕ್‌ಗೆ 200 ಕೊಟ್ಟು ಬಂದರು. ಆ ದುಡ್ಡು ನಾನೇ ಕೊಟ್ಟೆ. ಹಾಡಿನ ಶ್ರುತಿ ಹೊಂದಿಸಿ ಜೋಡಿಸೋದು, ಬಿಪಿಎಂ, ಅಂದರೆ ತಾಳದ ವೇಗ, ನೋಡಿ ಜೋಡಿಸೋದು ಎಲ್ಲ ಮಾಡಿ ಬಿಟ್ಟೆ. ಸಾಫ್ಟ್‌ವೇರ್ ಹೇಳಿದ ಜೋಡಿಗಿಂತ ಅತ್ತೆ "ಇದಾದ ಮೇಲೆ ಅದೇ ಬರಲಿ" ಅಂದದ್ದು ಚೆನ್ನಾಗಿ ಕೂರುತ್ತದೆ.

ಈ ಹುಚ್ಚಾಟಗಳಲ್ಲಿ ಗೆದ್ದದ್ದು ಒಂದೇ, ಸಹಾರಾ ಗಿಟಾರಿನ ಪಕ್ಕ ಕೂರಿಸಿದ ಮದುವೆ ವಾಲಗ. ನೈಜರ್ ದೇಶದ ಎಮ್ದೂ ಮೊಕ್ತಾರ್ ಅಂತ ಎಡಗೈ ಗಿಟಾರಿನವನು ಇದ್ದಾನೆ. ಅವನ ಹಾಡು ಮೊದಲು ಹರಡಿದ್ದು ಆ ಕಡೆ ಜನ ಮೊಬೈಲಿಂದ ಮೊಬೈಲಿಗೆ, ಮೆಮೊರಿ ಕಾರ್ಡಿನಲ್ಲಿ ದಾಟಿಸಿಕೊಂಡು. ಅದು ಗೊತ್ತಾದ ದಿನ ನನ್ನ ಪೆನ್‌ಡ್ರೈವ್‌ಗಳ ಮೇಲೆ ಗೌರವ ಬಂತು. ಅವನ ಹಾಡಿಗೆ ಪಿಕಪ್‌ನವರು ಮೊದಲು "ಇದೆಂತ, ಒಂಟೆ ಓಡಿಸೋಕಾ?" ಅಂದಿದ್ದರು. ಪರಿಚಯದವರ ಮದುವೆಯಲ್ಲಿ ವಾಲಗದವರನ್ನು ಕೇಳಿ, 500 ಕೈಗಿಟ್ಟು, ನಾಲ್ಕು ನಿಮಿಷ ರೆಕಾರ್ಡ್ ಮಾಡಿದೆ. ಹತ್ತಿರ ನಿಂತದ್ದಕ್ಕೆ ಕೊಂಬಿನ ಸದ್ದು ಒಡೆದುಹೋಯಿತು. ಎರಡನೇ ಸಲ ಚಪ್ಪರದ ಆಚೆ ನಿಂತು, ಮೊಬೈಲಿಗೆ ಕರವಸ್ತ್ರ ಸುತ್ತಿ ಹಿಡಿದೆ, ಸರಿಯಾಗಿ ಬಂತು. ಆ ಗಿಟಾರ್ ಮುಗಿದ ಕೂಡಲೇ ವಾಲಗ ಬರುವ ಹಾಗೆ ಕೂರಿಸಿದರೆ ಎರಡರ ನಡೆಯೂ ನನ್ನ ಕಿವಿಗೆ ಅಕ್ಕಪಕ್ಕದ ಊರಿನದ್ದು. ಅದು 2021ರ ಏಪ್ರಿಲ್ ಮಿಕ್ಸ್, ಹೆಸರು "ಹೂಮಳೆ". ಪಿಕಪ್‌ನವರು ಸೋಮವಾರಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ಅದನ್ನೇ ಮೂರು ಸಲ ಹಾಕಿದರಂತೆ. ಅದಾದ ಮೇಲೆ ಅವರು ಪೆನ್‌ಡ್ರೈವ್ ಅಳಿಸಿಲ್ಲ.

ಹಾಡುಗಳನ್ನು ಎಲ್ಲಿ ಹುಡುಕುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ನಾಲ್ಕು ಜಾಗ ಇದೆ, ಎರಡು ನಿಮಗೂ ಗೊತ್ತು.

ಜುಲೈದು ಇನ್ನೂ ಮುಗಿದಿಲ್ಲ. ಕರೆಂಟ್ ಹೋಗಿ ಎರಡು ದಿನ ಆಯಿತು, ಲ್ಯಾಪ್‌ಟಾಪ್ 31 ಪರ್ಸೆಂಟ್‌ನಲ್ಲಿದೆ. ಹನ್ನೊಂದನೇ ಹಾಡಿಗೂ ಹನ್ನೆರಡಕ್ಕೂ ನಡುವೆ ಒಂದು ಸೆಕೆಂಡ್ ಜಾಸ್ತಿ ಖಾಲಿ ಉಳಿದಿದೆ, ಹಟ್ಟಿಹೊಳೆ ದಾಟುವಾಗ ಗಮನಿಸಿದೆ. ಅದನ್ನು ಕತ್ತರಿಸಿ, ನಾಳೆ ಇನ್ನೊಂದು ಸಲ ಓಮ್ನಿಯಲ್ಲಿ ಹಾಕಿ ನೋಡಬೇಕು.